ಫಿಲಡೆಲ್ಫಿಯಾದ ದೊಡ್ಡ ಬಟ್ಟೆ ಕ್ಲಿಪ್ಪು ನೋಡಲು ಹೋಗಬಹುದಾ?

ಜರ್ಸಿ ಸೊಸೆ:
ಮುಂದಿನ ತಿಂಗಳು ಅತ್ತೆ ಮಾವ ಬರುತ್ತಿದ್ದಾರೆ. ಮಾವ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಮ್ಯೂಸಿಯಂಗೆ ಕರೆದುಕೊಂಡು ಹೋದರೆ ಒಳಗೆ ಕಾಲಿಟ್ಟ ಕೂಡಲೇ ಕುರ್ಚಿ ಹುಡುಕುತ್ತಾರೆ. ಫಿಲಡೆಲ್ಫಿಯಾದಲ್ಲಿ ಬೀದಿಯಲ್ಲೇ ಬಟ್ಟೆ ಕ್ಲಿಪ್ಪು, ಅಂಗಿ ಗುಂಡಿ ಎಲ್ಲ ದೊಡ್ಡದಾಗಿ ಮಾಡಿ ಇಟ್ಟಿದ್ದಾರಂತೆ. ಅಷ್ಟಕ್ಕೇ ಅಂತ ಹೋಗಬಹುದಾ? ಅತ್ತೆಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ.

ಹಳೇ ವೆಲ್ಡರ್:
ಖಂಡಿತ ಹೋಗಿ. ನಿಮ್ಮ ಮಾವನಿಗೆ ಹೇಳಿ ಮಾಡಿಸಿದ ಹಾಗಿದೆ. ಕ್ಲಿಪ್ಪು ಇರುವುದು ಸಿಟಿ ಹಾಲ್ ಎದುರಿಗೆ, ಪಕ್ಕದಲ್ಲೇ ಮೆಟ್ರೋ ಮೆಟ್ಟಿಲು. 45 ಅಡಿ ಎತ್ತರ. ಕ್ಲೇಸ್ ಓಲ್ಡನ್‌ಬರ್ಗ್ ಅನ್ನೋ ಶಿಲ್ಪಿ ಮಾಡಿದ್ದು, 1976ರಲ್ಲಿ. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು 200 ವರ್ಷ ತುಂಬಿದ ವರ್ಷ ಅದು. ನಡುವಿನ ಸ್ಪ್ರಿಂಗನ್ನು ಸರಿಯಾಗಿ ನೋಡಿ, 76 ಅಂತ ಓದಬಹುದು.

ಮೈಯೆಲ್ಲ ತುಕ್ಕು. ಬಣ್ಣ ಹೊಡೆಸಲು ಇವರಿಗೇನು ಬಂತು ಅಂತ ಅತ್ತೆ ಬೈಯಬಹುದು! ಅದು ಕಾರ್‌ಟೆನ್ ಸ್ಟೀಲ್. ತಾಮ್ರ, ಕ್ರೋಮಿಯಂ ಒಂಚೂರು ಸೇರಿಸಿರುತ್ತಾರೆ. ಮಾಮೂಲಿ ಕಬ್ಬಿಣದ ತುಕ್ಕು ಚಕ್ಕೆ ಚಕ್ಕೆಯಾಗಿ ಉದುರಿ ಒಳಗಿನದನ್ನೂ ತಿನ್ನುತ್ತದೆ. ಇದರ ತುಕ್ಕು ಗಟ್ಟಿಯಾಗಿ ಕಚ್ಚಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಸ್ಪ್ರಿಂಗ್ ಮಾತ್ರ ಸ್ಟೇನ್‌ಲೆಸ್, ಅದಕ್ಕೇ ಬೆಳ್ಳಗೆ ಹೊಳೆಯುತ್ತದೆ. ದೂರದಿಂದ ಫೋಟೋ ತೆಗೆದು ಬರಬೇಡಿ. ಬುಡಕ್ಕೆ ಹೋಗಿ ತಲೆ ಎತ್ತಿ ನೋಡಬೇಕು.

ಸುಮ್ನೆ ಕೇಳ್ದೆ:
ಒಂದು ಕ್ಲಿಪ್ಪಿಗೆ ಇಷ್ಟೆಲ್ಲಾನಾ? ತೆರಿಗೆ ದುಡ್ಡು ದಂಡ.

ಹಳೇ ವೆಲ್ಡರ್:
ತೆರಿಗೆ ದುಡ್ಡಲ್ಲ ಸ್ವಾಮಿ. ಆ ಊರಲ್ಲಿ 1959ರಿಂದ ಒಂದು ನಿಯಮ ಇದೆ. ಪುನರಭಿವೃದ್ಧಿ ಪ್ರಾಧಿಕಾರದ ಜಾಗದಲ್ಲಿ ಕಟ್ಟಡ ಕಟ್ಟುವವರು ಖರ್ಚಿನ ಶೇ 1ರಷ್ಟನ್ನು ಕಲೆಗೆ ಕೊಡಬೇಕು. ಕ್ಲಿಪ್ಪಿನ ಹಿಂದೆ ಇರುವ ಕಟ್ಟಡ ಕಟ್ಟಿಸಿದ ಜ್ಯಾಕ್ ವೋಲ್ಗಿನ್ ಇದನ್ನು ಮಾಡಿಸಿದ್ದು ಹಾಗೆ. ಬರೀ ಕಂಬ ನಿಲ್ಲಿಸಿ ಕೈತೊಳೆದುಕೊಳ್ಳಬಹುದಿತ್ತು, ಅಲ್ವಾ?

ಮಸಾಲೆ ಮಂಡಕ್ಕಿ:
ಗುಂಡಿ ಇರುವುದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಲೈಬ್ರರಿ ಮುಂದೆ. 1981ರದ್ದು. 16 ಅಡಿ ಅಗಲ, ಬಿಳಿ ಬಣ್ಣ, ನಾಲ್ಕು ತೂತು, ನಡುವೆ ಬಿರುಕು. ಎದುರಿಗೆ ಬೆಂಜಮಿನ್ ಫ್ರಾಂಕ್ಲಿನ್ ಪ್ರತಿಮೆ ಕೂತಿದೆ. ಅವರ ಹೊಟ್ಟೆ ದಪ್ಪವಾಗಿ ಕೋಟಿನ ಗುಂಡಿ ಕಿತ್ತು ಉರುಳಿ ಒಡೆಯಿತು ಅಂತ ಅಲ್ಲಿನ ಹುಡುಗರ ತಮಾಷೆ. ಅಲ್ಲಿಗೆ ಕ್ಯಾಬ್ ಮಾಡಿಕೊಳ್ಳಿ. ಸಿಟಿ ಹಾಲ್ ಹತ್ತಿರವೇ 51 ಅಡಿಯ ಪೇಂಟ್ ಬ್ರಶ್ ಕೂಡ ಇದೆ, ಕೆಳಗೆ ಒಂದು ಮುದ್ದೆ ಬಣ್ಣ ಬಿದ್ದಿದೆ. ರಾತ್ರಿ ಬ್ರಶ್ಶಿನ ತುದಿಗೆ ದೀಪ ಹತ್ತುತ್ತದೆ.

ಜರ್ಸಿ ಸೊಸೆ:
ಥ್ಯಾಂಕ್ಸ್. ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. "ಕಾರ್‌ಟೆನ್ನಾ? ರೈಲು ವ್ಯಾಗನ್‌ಗೆ ಹಾಕುತ್ತಾರಲ್ಲ" ಅಂದರು. ಪಾರ್ಕಿಂಗ್ ಹೇಗೆ?

ಹಳೇ ವೆಲ್ಡರ್:
ಅದರ ಆಸೆ ಬಿಡಿ, ರೈಲಿನಲ್ಲಿ ಬನ್ನಿ.