ಪುಚೇರಾ ಫ್ಲಾಟಿನಲ್ಲಿ ಮಾಡಬಹುದಾ?

ಅಕ್ಕಾ, ನೀವು ಕೇಳಿದ್ದು ಎರಡು. ಸ್ಪೇನಿನ ಬಿಲ್ಬಾವೊ ಹತ್ತಿರದ ಬಾಲ್ಮಸೇಡಾ ಊರಿನ ರೈಲ್ವೆ ಪಾತ್ರೆ ಪುಚೇರಾ ಕೊಳ್ಳಬಹುದಾ, ಮಾಂಸ ಹಾಕದೆ ಫ್ಲಾಟಿನಲ್ಲಿ ಅದರ ಕೆಂಪು ಕಾಳಿನ ಅಡುಗೆ ಮಾಡಬಹುದಾ ಅಂತ. ನಾನು ಬಿಲ್ಬಾವೊಗೆ ಬಂದು ಐದು ವರ್ಷ ಆಯಿತು, ಚಳಿಗಾಲದಲ್ಲಿ ಸುಮಾರು ಸಲ ಮಾಡಿದ್ದೇನೆ.

ಇದ್ದಿಲಿನ ಪುಚೇರಾ ಮನೆಯೊಳಗೆ ಬೇಡವೇ ಬೇಡ. ಹೊಗೆ ಕಾಣದಿದ್ದರೂ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಅಂಗಳ ಇದ್ದರೆ ಮಾತ್ರ ಕೊಳ್ಳಿ.

ಈ ಪಾತ್ರೆ ಹುಟ್ಟಿದ್ದು ಗಾಡಿಯ ಮೇಲೆ. ಲಿಯೋನ್ ಕಡೆಯ ಕಲ್ಲಿದ್ದಲನ್ನು ಬಿಲ್ಬಾವೊದ ಕುಲುಮೆಗಳಿಗೆ ತರಲು ಹಾಕಿದ ಲಾ ರೋಬ್ಲಾ ಮೀಟರ್ ಗೇಜ್ ಹಳಿ 1894ರಲ್ಲಿ ಶುರುವಾಯಿತು. ದಾರಿ ಉದ್ದ, ಗಾಡಿ ನಿಧಾನ. ಇಂಜಿನ್‌ನವರು ಬಾಯ್ಲರಿನಿಂದ ಕೊಳವೆಯಲ್ಲಿ ಹಬೆ ಎಳೆದು ಪಾತ್ರೆ ಬಿಸಿ ಮಾಡಿಕೊಂಡರು. ಹಿಂದಿನ ಡಬ್ಬಿಯವರಿಗೆ ಹಬೆ ಎಲ್ಲಿಂದ ಬರಬೇಕು? ಅವರು ಇದ್ದಿಲು ಹಾಕಿದರು. ಈಗ ಅಂಗಡಿಯಲ್ಲಿ ಸಿಗುವುದು ಆ ಇದ್ದಿಲಿನ ಮಾದರಿಯೇ. ಹೊರಗೆ ತಗಡಿನ ಒಲೆ, ಒಳಗೆ ಎನಾಮಲ್ ಪಾತ್ರೆ.

ಹಾಗಾಗಿ ಇದರ ರುಚಿಯೆಲ್ಲ ಸಣ್ಣ ಉರಿಯಲ್ಲಿದೆ. ಅದು ತಳ ದಪ್ಪ ಇರುವ ಪಾತ್ರೆಯಲ್ಲೂ ಸಿಗುತ್ತದೆ. ಕೆಂಪು ಕಾಳನ್ನು (ನಮ್ಮ ರಾಜ್ಮಾ ಥರದ್ದು) ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಹತ್ತು ನಿಮಿಷ ಜೋರಾಗಿ ಕುದಿಸಿ. ಇದನ್ನು ಬಿಡಬೇಡಿ, ಅರೆಬೆಂದ ಕೆಂಪು ಕಾಳು ಹೊಟ್ಟೆ ಪೂರಾ ಕೆಡಿಸುತ್ತದೆ. ಆಮೇಲೆ ಈರುಳ್ಳಿ, ಕ್ಯಾರೆಟ್, ಎಣ್ಣೆ ಹಾಕಿ ಉರಿ ಇಳಿಸಿ. ಮೂರು ಗಂಟೆ ಬೇಕು. ನಡುನಡುವೆ ಮೂರು ಸಲ ಸ್ವಲ್ಪ ತಣ್ಣೀರು ಹಾಕಿ. ಇಲ್ಲಿಯವರು ಇದನ್ನು ಕಾಳು 'ಹೆದರಿಸುವುದು' ಅನ್ನುತ್ತಾರೆ. ಸೌಟು ಆಡಿಸಬೇಡಿ, ಕಾಳು ಒಡೆಯುತ್ತದೆ. ಪಾತ್ರೆಯ ಕಿವಿ ಹಿಡಿದು ಅಲ್ಲಾಡಿಸಿದರೆ ಸಾಕು. ಉಪ್ಪು ಕೊನೆಗೆ.

ಕುಕ್ಕರಿನಲ್ಲೂ ಮಾಡಿ ನೋಡಿದ್ದೇನೆ. ಕಾಳು ಬೆಂದಿತು, ರಸ ಮಾತ್ರ ನೀರು ನೀರಾಗೇ ಉಳಿಯಿತು. ನಿಧಾನಕ್ಕೆ ಬೆಂದರೆ ರಸ ನಮ್ಮ ಹುರುಳಿ ಕಟ್ಟಿನ ಹಾಗೆ ಮಂದವಾಗಿ, ಕಪ್ಪಗೆ ಇಳಿಯುತ್ತದೆ. ನನಗೆ ಅದೇ ಜಾಸ್ತಿ ಇಷ್ಟ.

ಇಲ್ಲಿನವರು ಇದಕ್ಕೆ ಹಂದಿಯ ಕೊಬ್ಬು, ಚೊರಿಸೊ ಅನ್ನುವ ಹಂದಿಮಾಂಸದ ಸಾಸೇಜು, ರಕ್ತದ ಸಾಸೇಜು ಹಾಕುತ್ತಾರೆ. ನೀವು ಅದರ ಬದಲು ಪಿಮೆಂಟೋನ್, ಅಂದರೆ ಹೊಗೆಯಾಡಿಸಿದ ಕೆಂಪು ಮೆಣಸಿನ ಪುಡಿ, ಒಂದು ಚಮಚ ತೆಗೆದುಕೊಂಡು, ಒಲೆಯಿಂದ ಇಳಿಸಿದ ಬಿಸಿ ಎಣ್ಣೆಗೆ ಹಾಕಿ, ಕೊನೆಗೆ ಒಗ್ಗರಣೆ ಹಾಗೆ ಸುರಿಯಿರಿ. ಉರಿಯ ಮೇಲೆ ಹಾಕಿದರೆ ಸೀದು ಕಹಿಯಾಗುತ್ತದೆ. ಹೋಟೆಲಿನಲ್ಲಿ ಮಾತ್ರ ಕೇಳದೆ ತಿನ್ನಬೇಡಿ. ಮಾಂಸದ ತುಂಡು ತೆಗೆದಿಟ್ಟು ಕೊಟ್ಟರೂ ಬೆಂದಿದ್ದು ಅದರ ಜೊತೆಗೇ ಅಲ್ವಾ.

ಪಾತ್ರೆ ಕೊಳ್ಳುವ ಮುಂಚೆ ಅಕ್ಟೋಬರ್ 23ಕ್ಕೆ, ಸಾನ್ ಸೆವೆರಿನೊ ಹಬ್ಬದ ದಿನ, ಬಾಲ್ಮಸೇಡಾಗೆ ಹೋಗಿ ಬನ್ನಿ. ಬೀದಿ ತುಂಬ ಪುಚೇರಾ ಇಟ್ಟು ಪೈಪೋಟಿಯಲ್ಲಿ ಬೇಯಿಸುತ್ತಾರೆ. ಬಿಲ್ಬಾವೊದ ಕಾಂಕೋರ್ಡಿಯಾ ನಿಲ್ದಾಣದಿಂದ ರೈಲಿದೆ.