ಸಮುದ್ರ ನೊರೆ ಎಂಬುದು ಮೀನಿನ ಮೂಳೆಯೇ?

ಪ್ರಶ್ನೆ (ಕಲಬುರಗಿಯಿಂದ): ಶರಣು ಮೇಡಂ. ಮನೆಯಲ್ಲಿ ಎರಡು ಜೊತೆ ಲವ್ ಬರ್ಡ್ಸ್ ಸಾಕಿದ್ದೇವೆ. ಪಂಜರಕ್ಕೆ ಕಟ್ಟಲೆಂದು ಸೂಪರ್ ಮಾರ್ಕೆಟ್ ಕಡೆಯಿಂದ ಅಂಗೈ ಉದ್ದದ ಬಿಳಿ ಬಿಲ್ಲೆಯೊಂದನ್ನು ತಂದೆ. ಅಂಗಡಿಯವರು ‘ಮೀನಿನ ಮೂಳೆ’ ಎಂದರು. ನಮ್ಮ ಅಜ್ಜಿ, ‘ಅದು ಸಮುಂದರ್ ಝಾಗ್, ಅಂದರೆ ಸಮುದ್ರ ನೊರೆ, ಕಿವಿ ಸೋರಿದರೆ ಇದರ ಪುಡಿ ಹಾಕುತ್ತಿದ್ದೆವು’ ಎನ್ನುತ್ತಾರೆ. ಯಾವುದು ನಿಜ?

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕಿ): ಶರಣು. ಅದು ನೊರೆಯೂ ಅಲ್ಲ, ಮೀನಿನ ಮೂಳೆಯೂ ಅಲ್ಲ. ಕಟಲ್ ಫಿಶ್ ಎಂಬ ಕಡಲಜೀವಿಯ ಬೆನ್ನೊಳಗಿನ ಚಿಪ್ಪು. ಹೆಸರಿನಲ್ಲಿ ಫಿಶ್ ಇದ್ದರೂ ಅದಕ್ಕೆ ಬೆನ್ನೆಲುಬೇ ಇಲ್ಲ. ಮಳೆಗಾಲದಲ್ಲಿ ಹಿತ್ತಲ ಗೋಡೆ ಹತ್ತುವ ಬಸವನಹುಳುವಿನಂತೆ ಅದೂ ಮೃದ್ವಂಗಿ. ಆಕ್ಟೋಪಸ್, ಮಂಗಳೂರು ಕಡೆ ಬೊಂಡಾಸ್ ಎನ್ನುವ ಸ್ಕ್ವಿಡ್ ಇದರ ಹತ್ತಿರದ ಬಂಧುಗಳು. ಮೂರೂ ಶಿರಪಾದಿಗಳ ವರ್ಗಕ್ಕೆ ಸೇರಿವೆ. ಕಟಲ್ ಫಿಶ್‌ನ ಕುಟುಂಬ ಸೆಪಿಯಿಡೆ. ಅದರಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಹೆಚ್ಚಾಗಿ ಬಲೆಗೆ ಬೀಳುವುದು ಸೆಪಿಯಾ ಫರೋನಿಸ್.

ಆ ಬಿಲ್ಲೆಯನ್ನು ಅಡ್ಡಲಾಗಿ ಮುರಿದು, ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಕಾಗದದಂತಹ ಪದರಗಳು ಒಂದರ ಮೇಲೊಂದು, ನಡುನಡುವೆ ಸೂಕ್ಷ್ಮ ಗೋಡೆಗಳು. ಸ್ಲ್ಯಾಬ್ ಹಾಕುವಾಗ ಸೆಂಟ್ರಿಂಗ್ ಹಲಗೆಯ ಕೆಳಗೆ ಬಲ್ಲಿ ನಿಲ್ಲಿಸುತ್ತಾರಲ್ಲ, ಹಾಗೆ. ಬದುಕಿರುವಾಗ ಈ ಕೋಣೆಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಅನಿಲ ಇರುತ್ತದೆ. ನೀರನ್ನು ಹೊರಗೆಳೆದರೆ ದೇಹ ಹಗುರ, ಒಳಬಿಟ್ಟರೆ ಭಾರ. ಹೀಗೆ ಈಜದೆಯೇ ನೀರಿನ ನಡುವೆ ತೂಗಿ ನಿಲ್ಲುತ್ತದೆ. ಎಷ್ಟು ಸೊಗಸಾದ ಏರ್ಪಾಡು! ಸ್ಕ್ವಿಡ್‌ನಲ್ಲಿ ಇದು ಪಾರದರ್ಶಕ ಗರಿಯಂತಹ ಕಡ್ಡಿಯಾಗಿ ಉಳಿದಿದೆ, ಆಕ್ಟೋಪಸ್‌ನಲ್ಲಿ ಬಹುಮಟ್ಟಿಗೆ ಮಾಯವಾಗಿದೆ.

ಕಟಲ್ ಫಿಶ್‌ಗಳ ಆಯಸ್ಸು ಸಾಮಾನ್ಯವಾಗಿ ಒಂದೆರಡು ವರ್ಷ. ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ, ಮಾಂಸ ಕರಗಿಹೋಗುತ್ತದೆ, ಚಿಪ್ಪು ಮಾತ್ರ ತೇಲುತ್ತಾ ದಡ ಸೇರುತ್ತದೆ. ಅಲೆಯ ಮೇಲೆ ಬೆಳ್ಳಗೆ ತೇಲುವುದನ್ನು ಕಂಡು ಹಿರಿಯರು ನೊರೆ ಎಂದದ್ದು ಸಹಜವೇ. ಆದರೆ ಕಿವಿಗೆ ಪುಡಿ ಹಾಕುವುದು ದಯವಿಟ್ಟು ಬೇಡ; ಸೋರುವ ಕಿವಿಯನ್ನು ವೈದ್ಯರಿಗೇ ತೋರಿಸಿ.

ಪ್ರಶ್ನೆ (ಬೀದರ್‌ನಿಂದ): ಹಕ್ಕಿಗೆ ಇದರಿಂದ ಏನು ಲಾಭ? ಸುಣ್ಣದ ಕಲ್ಲು ಇಟ್ಟರೆ ಸಾಲದೇ?

ಉತ್ತರ: ಒಳ್ಳೆಯ ಪ್ರಶ್ನೆ. ಸುಣ್ಣದ ಕಲ್ಲೇ ಆದ ಶಹಾಬಾದ ಕಲ್ಲಿನಲ್ಲಿರುವುದೂ ಇದರಲ್ಲಿರುವುದೂ ಕ್ಯಾಲ್ಸಿಯಂ ಕಾರ್ಬೋನೇಟೇ. ಎರಡರ ಪುಡಿಗೂ ನಿಂಬೆರಸ ಹಿಂಡಿದರೆ ಗುಳ್ಳೆ ಏಳುತ್ತದೆ. ಆದರೆ ಕಲ್ಲು ಗಟ್ಟಿ. ಚಿಪ್ಪಿನ ಮೆತ್ತನೆಯ ಬದಿಯನ್ನು ಪುಟ್ಟ ಕೊಕ್ಕು ಸುಲಭವಾಗಿ ಕೆರೆಯುತ್ತದೆ. ಮೊಟ್ಟೆಯಿಡುವ ಹೆಣ್ಣಿಗೆ ಆ ಕ್ಯಾಲ್ಸಿಯಂ ಬೇಕೇ ಬೇಕು. ಮೆತ್ತನೆಯ ಬದಿ ಹಕ್ಕಿಯ ಕಡೆಗೆ ಬರುವಂತೆ ಕಟ್ಟಿ.

ಪ್ರಶ್ನೆ (ಯಾದಗಿರಿಯಿಂದ): ಏಳನೇ ತರಗತಿಯ ಮಗಳು ಕೇಳುತ್ತಿದ್ದಾಳೆ: ಕಟಲ್ ಫಿಶ್ ಗೋಸುಂಬೆಯಂತೆ ಬಣ್ಣ ಬದಲಿಸುತ್ತದಂತೆ, ನಿಜವೇ?

ಉತ್ತರ: ಗೋಸುಂಬೆಗಿಂತ ಬಹಳ ವೇಗವಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ. ಚರ್ಮದ ತುಂಬ ಬಣ್ಣದ ಪುಟ್ಟ ಚೀಲಗಳಿವೆ. ಸುತ್ತಲಿನ ಸ್ನಾಯು ಎಳೆದರೆ ಚೀಲ ಹಿಗ್ಗಿ ಬಣ್ಣ ಕಾಣುತ್ತದೆ, ಬಿಟ್ಟರೆ ಚುಕ್ಕೆಯಾಗುತ್ತದೆ. ಮಗಳಿಗೆ ಇದನ್ನೂ ಹೇಳಿ: ಅದಕ್ಕೆ ಮೂರು ಹೃದಯ, ಎಂಟು ತೋಳು, ಬೇಟೆಗೆ ಚಾಚುವ ಎರಡು ಉದ್ದ ಗ್ರಾಹಕಗಳಿವೆ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ಅದು ನೀಲಿ. ಇಷ್ಟೆಲ್ಲ ಬಣ್ಣ ತೊಡುವ ಅದರ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ವರ್ಣಕ ಒಂದೇ ಬಗೆಯದು. ನಮ್ಮಂತೆ ಅದು ಬಣ್ಣ ಕಾಣುವುದಿಲ್ಲ.