ಹಳೇ ಬೋಗಿಯನ್ನು ಬೇರೆ ಮಾರ್ಗಕ್ಕೆ ‘ಹಾಕು’ವುದೋ, ‘ದಾಟಿಸು’ವುದೋ?

ಗೆಳೆಯರೇ, ನಮಸ್ಕಾರ.

ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ರೈಲು ದಾರಿಯೇ ಇಲ್ಲ. ರೈಲು ಹತ್ತಬೇಕಾದರೆ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು. ಆದರೂ ನನ್ನ ಪ್ರಶ್ನೆ ರೈಲಿನದೇ. ನಗರಗಳ ನೆಲದಡಿಯ ರೈಲುಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಹೊಸ ಬೋಗಿ ಬಂದಾಗ ಯಾವ ಮಾರ್ಗಕ್ಕೆ ಕೊಡುತ್ತಾರೆ, ಅಲ್ಲಿದ್ದ ಹಳೆಯದು ಎಲ್ಲಿಗೆ ಹೋಗುತ್ತದೆ ಅನ್ನುವ ಭಾಗದಲ್ಲಿ ಪೆನ್ನು ನಿಂತಿದೆ.

ಮೊದಲು ‘ಬೋಗಿ’. ರೈಲ್ವೆ ಎಂಜಿನಿಯರನ್ನು ಕೇಳಿದರೆ ಬೋಗಿ ಅಂದರೆ ಚಕ್ರಗಳನ್ನು ಹಿಡಿದಿರುವ ಕೆಳಗಿನ ಚೌಕಟ್ಟು. ಒಂದು ಕೋಚಿನ ಅಡಿಯಲ್ಲಿ ಅಂಥವು ಎರಡು ಇರುತ್ತವೆ. ಆದರೆ ಕನ್ನಡದಲ್ಲಿ ನಾವು ಕೂರುವ ಇಡೀ ಡಬ್ಬಿಯೇ ಬೋಗಿ. ‘ಆರು ಬೋಗಿಯ ಮೆಟ್ರೋ’ ಅಂತ ಪತ್ರಿಕೆಗಳೂ ಬರೆಯುತ್ತವೆ. ಮಾತು ನೆಲೆ ನಿಂತಿದೆ, ಅದನ್ನು ತಿದ್ದಲು ಹೋಗಬಾರದು ಅಂತ ನನ್ನ ಅನಿಸಿಕೆ. ಅಮೆರಿಕದವರು ಬೋಗಿಗೆ ಅನ್ನುವ ‘ಕಾರ್’ ಅಂತೂ ಬೇಡವೇ ಬೇಡ, ಮಕ್ಕಳ ಕಣ್ಣ ಮುಂದೆ ಮಾರುತಿ ಬಂದು ನಿಲ್ಲುತ್ತೆ.

‘ಲೈನ್’ ಕೂಡ ನಮ್ಮಲ್ಲಿ ತೊಡಕು. ಕಾಫಿ ತೋಟದ ಸೀಮೆಯಲ್ಲಿ ಲೈನ್ ಅಂದರೆ ಕೆಲಸದವರು ಇರುವ ಸಾಲುಮನೆ, ಅಂದರೆ ಲೈನ್ ಮನೆ. ‘ಹಳೆಯದನ್ನು ಇನ್ನೊಂದು ಲೈನಿಗೆ ಕಳಿಸಿದರು’ ಅಂತ ಬರೆದರೆ ಇಲ್ಲಿನ ಹುಡುಗರು ತೋಟದೊಳಗೆ ಹೋಗಿಬಿಡುತ್ತಾರೆ. ಬೆಂಗಳೂರಿನ ಮೆಟ್ರೋದವರು ನೇರಳೆ ಮಾರ್ಗ, ಹಸಿರು ಮಾರ್ಗ, ಹಳದಿ ಮಾರ್ಗ ಅಂತ ಹೆಸರಿಟ್ಟಿದ್ದು ಒಳ್ಳೆಯದಾಯಿತು. ನಾನೂ ‘ಮಾರ್ಗ’ ಅಂತಲೇ ಬರೆಯುತ್ತೇನೆ.

ವಯಸ್ಸಿನ ಮಾತಿಗೆ ಬಂದರೆ, ನಮ್ಮ ಕಡೆ, ಸುಳ್ಯದ ಕಡೆ ‘ಪ್ರಾಯ ಆಯ್ತು’ ಅಂದರೆ ವಯಸ್ಸಾಯಿತು ಅಂತ. ಬೆಂಗಳೂರಿನವರಿಗೆ ಪ್ರಾಯ ಅಂದರೆ ಹರೆಯ! ‘ಪ್ರಾಯ ಆದ ಬೋಗಿ’ ನನಗೆ ತುಂಬ ಇಷ್ಟದ ಮಾತು. ಆದರೂ ಬಿಡಬೇಕಾಯಿತು. ‘ಮುದಿ’ ಉಸಿರಾಡುವ ಜೀವಕ್ಕೆ ಸೇರಿದ್ದು. ‘ಕಂಡಮ್’ ಅಂದರೆ ಕೆಲಸವೇ ಮುಗಿದಂತೆ. ಇಲ್ಲಿ ಹೇಳಬೇಕಾದ್ದು ಇನ್ನೂ ಓಡುವ, ಆದರೆ ಸವೆಯುತ್ತಿರುವ ಬೋಗಿಯ ಬಗ್ಗೆ. ‘ಹಳತಾಗುತ್ತಿರುವ’ ಅಂತ ಬರೆದಿದ್ದೇನೆ, ಸ್ವಲ್ಪ ಸಪ್ಪೆ.

ನಿಜವಾದ ಗಂಟು ಕ್ರಿಯಾಪದದ್ದು. ಬಸ್‌ಸ್ಟ್ಯಾಂಡಿನ ಮಾತನ್ನು ಗಮನಿಸಿ. ‘ನಾಪೋಕ್ಲಿಗೆ ಹೊಸ ಬಸ್ ಬಿಟ್ಟಿದ್ದಾರೆ’ ಅನ್ನುತ್ತೇವೆ. ಹಳೆಯದು ಬಂದರೆ ‘ಹಳೇ ಬಸ್ ಹಾಕಿದ್ದಾರೆ’ ಅನ್ನುತ್ತೇವೆ. ‘ಹೊಸ ಬಸ್ ಹಾಕಿದ್ದಾರೆ’ ಅಂದರೂ ನಡೆಯುತ್ತೆ, ಆದರೆ ‘ಹಳೇ ಬಸ್ ಬಿಟ್ಟಿದ್ದಾರೆ’ ಅಂದರೆ ನನ್ನ ಕಿವಿಗೆ ಹಿಡಿಸುವುದಿಲ್ಲ. ‘ಬಿಡು’ವಿನಲ್ಲಿ ಒಂದು ಸಂಭ್ರಮ ಇದೆ. ಹಳೆಯದರ ಜೊತೆ ಬಂದಾಗ ‘ಹಾಕು’ವಿನಲ್ಲಿ ನಮ್ಮನ್ನು ಕಡೆಗಣಿಸಿದರು ಅನ್ನುವ ಬೇಸರ ಇದೆ. ನಿಮಗೂ ಹಾಗೇ ಕೇಳುತ್ತಾ?

ಆ ಬೇಸರವನ್ನು ನನ್ನ ಬರಹದೊಳಗೆ ತರಲು ಮನಸ್ಸಿಲ್ಲ. ಯಾಕೆಂದರೆ ಹಳೆಯ ಬೋಗಿ ಒಂದು ಮಾರ್ಗಕ್ಕೆ ಹೋಗುವುದು ಯಾವಾಗಲೂ ತಾತ್ಸಾರದಿಂದಲ್ಲ. ನ್ಯೂಯಾರ್ಕನ್ನೇ ನೋಡಿ. ಅಲ್ಲಿ ಸುರಂಗ ರೈಲಿನ ಮಾರ್ಗಗಳಿಗೆ ನಂಬರೋ ಅಕ್ಷರವೋ ಹೆಸರು. ನಂಬರಿನ ಮಾರ್ಗಗಳ ಸುರಂಗ ಕಿರಿದು, ಅಕ್ಷರದ ಮಾರ್ಗಗಳದ್ದು ಅಗಲ. ಅಗಲದ ಬೋಗಿ ಕಿರಿದಾದ ಕಡೆ ನುಗ್ಗುವುದಿಲ್ಲ. ಅಕ್ಷರದ ಮಾರ್ಗಗಳಲ್ಲೂ 75 ಅಡಿ ಉದ್ದದ ಬೋಗಿಗಳನ್ನು ಜೆ, ಎಲ್ ಮಾರ್ಗಗಳಲ್ಲಿ ಓಡಿಸುವುದಿಲ್ಲ, ತಿರುವು ಅಷ್ಟು ಬಿಗಿ. ಮಾಕುಟ್ಟದ ಘಾಟಿಯಲ್ಲಿ ಉದ್ದನೆ ಲಾರಿ ತಿರುಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು 7ನೇ ಮಾರ್ಗಕ್ಕೆ ಹೊಸ ಸಿಗ್ನಲ್ ವ್ಯವಸ್ಥೆ ತಂದಾಗ, 6ರಲ್ಲಿ ಓಡುತ್ತಿದ್ದ ಹೊಸ ಕಾಲದ ಬೋಗಿಗಳನ್ನು ಮಾರ್ಪಡಿಸಿ 7ಕ್ಕೆ ತಂದರು. 7ರಲ್ಲಿದ್ದ 1980ರ ದಶಕದ ಬೋಗಿಗಳು 6ಕ್ಕೆ ಹೋದವು. 6ರ ಜನ ಖಂಡಿತ ‘ನಮಗೆ ಹಳೇದು ಹಾಕಿದ್ರು’ ಅಂದಿರುತ್ತಾರೆ. ಆದರೆ ಕಾರಣ ಸಿಗ್ನಲ್ಲು.

ನಮ್ಮ ಮೆಟ್ರೋದಲ್ಲೂ ಹಾಗೇ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಸಿಗ್ನಲ್ ವ್ಯವಸ್ಥೆ ಬೇರೆ. 2011ರಿಂದ ನೇರಳೆ ಮಾರ್ಗದಲ್ಲಿ ಓಡುತ್ತಿರುವ ಹಳೇ ರೈಲನ್ನು ಸುಮ್ನೆ ಎತ್ತಿ ಅಲ್ಲಿಗೆ ಇಡಲು ಆಗುವುದಿಲ್ಲ.

ಹಾಗಾಗಿ ನನಗೆ ಎರಡು ಅರ್ಥ ಒಟ್ಟಿಗೆ ಬೇಕು. ಒಂದು, ಬೋಗಿ ಆ ಮಾರ್ಗಕ್ಕೆ ಒಗ್ಗಬೇಕು. ಎರಡು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಅದರ ಬಾಳು ಮುಂದುವರಿಯಬೇಕು. ‘ವರ್ಗಾಯಿಸು’ ಅಂದರೆ ಮೇಷ್ಟ್ರ ಟ್ರಾನ್ಸ್‌ಫರ್ ನೆನಪಾಗುತ್ತೆ. ‘ಸಾಗಹಾಕು’ ಅಂದರೆ ಪೀಡೆ ತೊಲಗಿತು ಅಂದಂತೆ. ‘ಇಳಿಸು’ ಅಂದರೆ ಎರಡನೇ ಮಾರ್ಗವನ್ನೇ ಕೀಳು ಮಾಡಿದಂತೆ ಆಗುತ್ತೆ, ಅಲ್ವಾ?

ಸದ್ಯಕ್ಕೆ ‘ದಾಟಿಸು’ ಇಟ್ಟುಕೊಂಡಿದ್ದೇನೆ. ಅದು ಹೊಳೆದದ್ದು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಿಂದ. ಲಂಡನ್ನಿನ ಸುರಂಗ ರೈಲಿಗಾಗಿ ಕಟ್ಟಿದ 1938ರ ಮಾದರಿಯ ಬೋಗಿಗಳು ಸಮುದ್ರ ದಾಟಿ ಹೋಗಿ, ಆ ದ್ವೀಪದಲ್ಲಿ 2021ರ ಜನವರಿವರೆಗೆ ಓಡಿದವು. ಅವುಗಳ ಜಾಗಕ್ಕೆ ಬಂದದ್ದೂ ಲಂಡನ್ನಿನ ಹಳೇ ಬೋಗಿಗಳೇ, ಹೊಸ ಮೋಟಾರು ಹಾಕಿಸಿಕೊಂಡು. ಹೊಳೆ ದಾಟಿಸಿದಂತೆ ಜೋಪಾನವಾಗಿ ದಾಟಿಸಿದ್ದು ಅದು. ಹಾಗೆ ನೋಡಿದರೆ, ನ್ಯೂಯಾರ್ಕಿನಲ್ಲಿ 1964ರಲ್ಲಿ ಬಂದು 2022ರವರೆಗೆ, ಮಾರ್ಗದಿಂದ ಮಾರ್ಗಕ್ಕೆ ಹೋಗುತ್ತ ಬಾಳಿದ ‘ಆರ್32’ ಅನ್ನುವ ಮಾದರಿಯ ಬೋಗಿಗಳಿಗೂ ಈ ಮಾತು ಒಪ್ಪುತ್ತದೆ.

ಆದರೆ ರೈಲಿನಲ್ಲಿ ದುಡಿದವರ ಬಾಯಲ್ಲಿ ಬೇರೆಯೇ ಮಾತು ಇರಬಹುದು. ಹುಬ್ಬಳ್ಳಿಯ, ಮೈಸೂರಿನ ರೈಲ್ವೆ ಕಾರ್ಯಾಗಾರಗಳಲ್ಲಿ ಇದ್ದವರು, ಅವರ ಮನೆಯವರು ಈ ಬಳಗದಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಒಂದು ಇಡೀ ರೇಕನ್ನು, ಅಂದರೆ ಒಟ್ಟಿಗೆ ಜೋಡಿಸಿದ ಬೋಗಿಗಳ ಸಾಲನ್ನು, ಬೇರೆ ದಾರಿಗೆ ಕೊಟ್ಟಾಗ ನೀವು ಏನನ್ನುತ್ತಿದ್ದಿರಿ? ಪದ ಮಾತ್ರ ಬೇಡ, ಆಡುವ ಹಾಗೆ ಪೂರ್ತಿ ವಾಕ್ಯವನ್ನೇ ಬರೆದು ಕಳಿಸಿ. ‘ಇಂದ’ ಎಲ್ಲಿ ಬರುತ್ತೆ, ‘ಗೆ’ ಎಲ್ಲಿ ಬರುತ್ತೆ ಅನ್ನುವುದೂ ನನಗೆ ಬೇಕು.